ಗಾಡಿಮನೆಯ ಸೂರು ಸೋರಿದಾಗ

ಸೋರುವ ಜಾಗ ಬೇರೆ, ತೊಟ್ಟಿಕ್ಕುವ ಜಾಗ ಬೇರೆ. ಮಳೆಗಾಲ ಕಂಡ ಮನೆಯವರಿಗೆಲ್ಲ ಇದು ಗೊತ್ತು. ಮಾಡಿನ ಒಂದು ಮೂಲೆಯಲ್ಲಿ ಒಳಹೊಕ್ಕ ನೀರು ತೊಲೆಯ ಬೆನ್ನು ಹಿಡಿದು ಹರಿದು, ಮತ್ತೆಲ್ಲೋ ಹಾಸಿಗೆಯ ಮೇಲೆ ಬೀಳುತ್ತದೆ. ಪಾತ್ರೆ ಇಟ್ಟ ಜಾಗದ ನೇರಕ್ಕೆ ಮೇಲೆ ಹತ್ತಿ ಹುಡುಕಿದವರಿಗೆ ತೂತು ಸಿಗುವುದಿಲ್ಲ. ನೆಲದ ಮೇಲೆ ನಿಂತ ಮನೆಯಲ್ಲೇ ಹೀಗಾದರೆ, ಚಕ್ರದ ಮೇಲೆ ಓಡುವ ಮನೆಯ ಪಾಡೇನು? ಈ ವಾರ ಅಂಥದೊಂದು ಮನೆಯ ಸೂರನ್ನು ಹತ್ತಿ ನೋಡೋಣ. ಅಲ್ಲಿ ನಮ್ಮ ಹೈಸ್ಕೂಲಿನ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಅರ್ಧ ಪುಸ್ತಕವೇ ಹರಡಿಕೊಂಡಿದೆ.

ಕ್ಯಾರವಾನ್ ಎಂದರೆ ಕಾರಿನ ಹಿಂದಕ್ಕೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಗಾಡಿಮನೆ. ಒಳಗೆ ಮಂಚ, ಒಲೆ, ಕಪಾಟು, ಪುಟ್ಟ ಕಿಟಕಿಗಳು ಎಲ್ಲವೂ ಇರುತ್ತವೆ. ಪದದ ಮೂಲ ಪರ್ಷಿಯನ್ ಭಾಷೆ. ಮರಳುಗಾಡಿನಲ್ಲಿ ಒಂಟೆಗಳೊಡನೆ ಸಾಗುವ ವರ್ತಕರ ತಂಡಕ್ಕೆ ಆ ಹೆಸರಿತ್ತು. ಬ್ರಿಟನ್ನಿನಲ್ಲಿ ಜಾತ್ರೆಯವರ ಮತ್ತು ಅಲೆಮಾರಿ ರೋಮಾ ಜನರ ಕುದುರೆ ಗಾಡಿಗಳಿಗೆ ಅದು ಅಂಟಿಕೊಂಡಿತು. ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಪಶ್ಚಿಮಕ್ಕೆ ಹೊರಟವರ ವಂಶಸ್ಥರು ಈ ರೋಮಾ ಜನ. ಅದಕ್ಕೆ ಅವರ ಭಾಷೆಯೇ ಸಾಕ್ಷಿ. ನೀರಿಗೆ ಅವರೂ 'ಪಾನಿ' ಎನ್ನುತ್ತಾರೆ. ಬಗ್ಗಿಸಿದ ಮರದ ಕಮಾನುಗಳ ಮೇಲೆ ಕ್ಯಾನ್ವಾಸ್ ಬಟ್ಟೆ ಬಿಗಿದ ಅವರ ಗಾಡಿಯ ಚಿತ್ರ ನೋಡಿದರೆ ನಮ್ಮ ಕಮಾನು ಬಂಡಿಯ ನೆನಪಾಗದೆ ಇರದು.

ಬರಿಯ ವಿಹಾರಕ್ಕೆಂದೇ ಇಂಥ ಗಾಡಿ ಕಟ್ಟಿಸಿ ಹೆಸರಾದವರು ವಿಲಿಯಂ ಗಾರ್ಡನ್ ಸ್ಟೇಬಲ್ಸ್. ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯರಾಗಿದ್ದವರು. ನಿವೃತ್ತರಾದ ಮೇಲೆ ಹುಡುಗರಿಗಾಗಿ ಸಾಹಸ ಕಥೆಗಳನ್ನು ಬರೆಯುತ್ತಿದ್ದರು. 1885ರಲ್ಲಿ ಬ್ರಿಸ್ಟಲ್‌ನ ಕಾರ್ಖಾನೆಯೊಂದರಲ್ಲಿ 'ವಾಂಡರರ್' ಎಂಬ ಗಾಡಿ ಮಾಡಿಸಿ, ಎರಡು ಕುದುರೆ ಹೂಡಿ, ಇಂಗ್ಲೆಂಡಿನ ದಕ್ಷಿಣ ಭಾಗದಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದರು. ಆ ಗಾಡಿ ಇಂದಿಗೂ ಉಳಿದಿದೆ. 1907ರಲ್ಲಿ ಅಲ್ಲಿ ಕ್ಯಾರವಾನ್ ಪ್ರಿಯರ ಕ್ಲಬ್ ಹುಟ್ಟಿತು. 1919ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಎಕಲ್ಸ್ ಕಂಪನಿ ಕಾರಿಗೆ ಕಟ್ಟುವ ಗಾಡಿಮನೆಗಳನ್ನು ಮಾರಾಟಕ್ಕೆ ತಯಾರಿಸತೊಡಗಿತು. ಅಲ್ಲಿಂದೀಚೆಗೆ ಬ್ರಿಟನ್ನಿನ ಬೇಸಿಗೆ ರಜೆಗೂ ಕ್ಯಾರವಾನಿಗೂ ಬಿಡದ ನಂಟು. ಹಳೆಯ ಗಾಡಿಗಳನ್ನು ಹುಡುಕಿ ತಂದು ದುರಸ್ತಿ ಮಾಡುವ ಹವ್ಯಾಸಿಗಳೂ ಅಲ್ಲಿ ಬಹಳ ಮಂದಿ.

ಅಂಥವರಲ್ಲಿ ಈಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನೂ ಸೇರಿದ್ದಾನೆ. ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ಅವನು 1960ರ ದಶಕದ ಗಾಡಿಯೊಂದನ್ನು ಅಗ್ಗಕ್ಕೆ ಕೊಂಡ. ಎರಡು ಚಿಕ್ಕ ಮಕ್ಕಳನ್ನು ಕರೆದುಕೊಂಡು ಬೇಸಿಗೆಯಲ್ಲಿ ಸ್ಕಾಟ್ಲೆಂಡಿಗೆ ಹೋಗುವ ಆಸೆ. ಮಾರಿದಾತ, "ಸೂರಿಗೆ ಹೊಸದಾಗಿ ಬಳಿದಿದ್ದೇನೆ, ಏನೂ ತೊಂದರೆ ಇಲ್ಲ" ಎಂದಿದ್ದನಂತೆ. ಬಳಿದದ್ದು ಕಪ್ಪು ಡಾಂಬರು. ಮೊದಲ ಮಳೆಗೇ ಮಗುವಿನ ಹಾಸಿಗೆ ಒದ್ದೆ. "ಸಾರ್, ಅದರ ಮೇಲೆ ನಾನೂ ಎರಡು ಸಲ ಬಳಿದೆ. ಆದರೂ ಸೋರುತ್ತೆ. ನೀವೇನು ಹೇಳ್ತೀರಿ?" ಎಂದು ಫೋನಿನಲ್ಲಿ ಕೇಳಿದ. "ಬಳಿಯುವುದನ್ನು ನಿಲ್ಲಿಸಪ್ಪ, ಮೊದಲು ಬಿಚ್ಚು" ಎಂದೆ. ಯಾಕೆ ಬಿಚ್ಚಬೇಕು ಎಂಬುದೇ ಈ ಲೇಖನ.

ಎರಡು ಬಗೆಯ ಸೂರು

ಹಳೆಯ ಕ್ಯಾರವಾನುಗಳ ಸೂರು ಮುಖ್ಯವಾಗಿ ಎರಡು ಬಗೆ. ಎರಡನೆಯ ಮಹಾಯುದ್ಧಕ್ಕೆ ಹಿಂದಿನ ಅನೇಕ ಗಾಡಿಗಳಲ್ಲಿ ತೆಳು ಹಲಗೆ ಅಥವಾ ಪ್ಲೈವುಡ್ಡಿನ ಮೇಲೆ ಕ್ಯಾನ್ವಾಸ್ ಬಟ್ಟೆ ಹೊದಿಸಿರುತ್ತಿದ್ದರು. ಹಲಗೆಯ ಮೇಲೆ ಅಗಸೆ ಎಣ್ಣೆಯಲ್ಲಿ ಕಲಸಿದ ಸೀಸದ ಬಿಳಿ ಬಣ್ಣವನ್ನು ದಪ್ಪಗೆ ಬಳಿದು, ಅದು ಹಸಿಯಿರುವಾಗಲೇ ಬಟ್ಟೆ ಹಾಸಿ, ನಡುವಿನಿಂದ ಅಂಚಿನ ಕಡೆಗೆ ಸುಕ್ಕಿಲ್ಲದಂತೆ ಎಳೆದು, ಅಂಚಿಗೆ ಸಣ್ಣ ಮೊಳೆ ಹೊಡೆದು, ಮೇಲೆ ಮತ್ತೆ ಹಲವು ಸಲ ಬಣ್ಣ ಕೊಡುವುದು ಇದರ ಕ್ರಮ. ಬ್ರಿಟನ್ನಿನ ಹಳೆಯ ರೈಲು ಡಬ್ಬಿಗಳ ಸೂರಿಗೂ ಇದೇ ಉಪಾಯ. ಹಲಗೆಗಳು ಹಿಗ್ಗಿ ಕುಗ್ಗಿದರೂ ಬಟ್ಟೆ ಹರಿಯದೆ ಅವುಗಳ ಜೊತೆಗೆ ಸ್ವಲ್ಪ ಬಾಗುತ್ತದೆ. ಸಂದುಗಳ ಮೇಲೆ ಸೇತುವೆಯಂತೆ ನಿಲ್ಲುತ್ತದೆ.

ಯುದ್ಧದ ನಂತರ ಅಲ್ಯೂಮಿನಿಯಂ ಬಂತು. ಮರದ ಚೌಕಟ್ಟಿನ ಮೇಲೆ ತೆಳು ಅಲ್ಯೂಮಿನಿಯಂ ತಗಡು. ತಗಡು ತಗಡು ಕೂಡುವಲ್ಲಿ, ಸೂರು ಗೋಡೆಯನ್ನು ಸೇರುವಲ್ಲಿ ಒಂದು ಅಂಚುಪಟ್ಟಿ. ಪಟ್ಟಿಯ ಕೆಳಗೆ ಮೇಣದಂಥ ಮೆತು ಪದಾರ್ಥ. ಮೇಲಿನಿಂದ ಸಾಲಾಗಿ ಸ್ಕ್ರೂ. ನೋಡಲು ತಗಡಿನ ಡಬ್ಬಿಯಂತಿದ್ದರೂ ಭಾರ ಹೊರುವುದು ಒಳಗಿನ ಮರವೇ. ತಗಡಿಗೆ ವಯಸ್ಸಾದರೆ ಬಣ್ಣ ಮಾಸುತ್ತದೆ, ಅಷ್ಟೆ. ಮರಕ್ಕೆ ನೀರು ತಾಗಿದರೆ ಗಾಡಿಯ ಆಯುಸ್ಸೇ ಮುಗಿಯುತ್ತದೆ. ಮರದಲ್ಲಿ ತೇವಾಂಶ ಶೇಕಡ 20ರ ಒಳಗಿದ್ದರೆ ಕೊಳೆಸುವ ಶಿಲೀಂಧ್ರಗಳು ಬೆಳೆಯಲಾರವು. ಅದನ್ನು ದಾಟಿ ತೇವ ನಿಂತರೆ, ಹೊರಗಿನಿಂದ ಏನೂ ಕಾಣದಂತೆ ಮೂಲೆಯ ಕಂಬಗಳು, ನೆಲದ ಅಂಚುಗಳು ಬೆಣ್ಣೆಯಂತಾಗುತ್ತವೆ. ಅಂಥ ಗಾಡಿಯನ್ನು ರಸ್ತೆಯಲ್ಲಿ ಎಳೆದರೆ ಏನಾದೀತು ಎಂದು ಬೇರೆ ಹೇಳಬೇಕಿಲ್ಲ.

ನೀರು ಏರುವ ಬಗೆ

ನೀರು ಇಳಿಜಾರಿನಲ್ಲಿ ಇಳಿಯುತ್ತದೆ ಎಂಬುದು ನಾವು ಕಲಿತ ಮೊದಲ ಪಾಠ. ಹೆಂಚಿನ ಮನೆ ನಿಂತಿರುವುದು ಇದರ ಮೇಲೆಯೇ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಆ ಹೆಂಚುಗಳ ಮಾಡಿನಲ್ಲಿ ನೀರನ್ನು ತಡೆಯುವ ಅಂಟು ಯಾವುದೂ ಇಲ್ಲ. ಇಳಿಜಾರು ಇದೆ, ಒಂದರ ಮೇಲೊಂದು ಹೊದಿಕೆ ಇದೆ, ಅಷ್ಟೇ ಸಾಕು. ಕ್ಯಾರವಾನಿನ ಸೂರಿಗೆ ಈ ಭಾಗ್ಯವಿಲ್ಲ. ಅದು ಹೆಚ್ಚುಕಡಿಮೆ ಚಪ್ಪಟೆ. ಮೇಲಾಗಿ ಅದು ಓಡುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಎದುರಿಗೆ ಅಪ್ಪಳಿಸುವ ಗಾಳಿಯ ಒತ್ತಡ ಎಷ್ಟೆಂದು ಲೆಕ್ಕ ಹಾಕಿದರೆ, ಅದು ನೀರನ್ನು ಸುಮಾರು 3 ಸೆಂಟಿಮೀಟರ್ ಮೇಲಕ್ಕೆ ತಳ್ಳಬಲ್ಲದು. ಅಂದರೆ ಎರಡು ಸೆಂಟಿಮೀಟರ್ ಎತ್ತರದ ಹೊದಿಕೆಯನ್ನು ಮಳೆನೀರು ಹತ್ತಿ ದಾಟುತ್ತದೆ.

ಗಾಳಿ ಇಲ್ಲದೆಯೂ ನೀರು ಏರುತ್ತದೆ. ಎರಡು ಗಾಜಿನ ಚೂರುಗಳನ್ನು ಒಂದು ಅಂಚಿನಲ್ಲಿ ತಾಗಿಸಿ, ಇನ್ನೊಂದು ಅಂಚಿನಲ್ಲಿ ನಡುವೆ ಬೆಂಕಿಕಡ್ಡಿ ಇಟ್ಟು, ದಾರ ಕಟ್ಟಿ, ಬಣ್ಣದ ನೀರಿನಲ್ಲಿ ನಿಲ್ಲಿಸಿ ನೋಡಿ. ಸಂದು ಕಿರಿದಾದಷ್ಟೂ ನೀರು ಎತ್ತರಕ್ಕೆ ಏರಿ ಚೆಂದದ ಬಾಗುಗೆರೆಯಾಗುತ್ತದೆ. ಇದೇ ಕೇಶಾಕರ್ಷಣ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇದರಿಂದಲೇ. ಸಂದು ಕಾಗದದಷ್ಟು, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಕಿರಿದಾಗಿದ್ದರೆ ನೀರು ಸುಮಾರು 15 ಸೆಂಟಿಮೀಟರ್ ಏರಬಲ್ಲದು. ಆದ್ದರಿಂದ ಕಣ್ಣಿಗೆ ಕಾಣುವ ತೂತಿಗಿಂತ ಕಾಣದ ಬಿರುಕೇ ಹೆಚ್ಚು ಅಪಾಯಕಾರಿ. ನಮ್ಮ ಮನೆಯ ಸಜ್ಜಾದ ಕೆಳಮೈಯಲ್ಲಿ ಗಾರೆಯವರು ಅಂಚಿನುದ್ದಕ್ಕೂ ಒಂದು ಗೀರು ಬಿಡುತ್ತಾರಲ್ಲ, ಅದು ಅಂದಕ್ಕಲ್ಲ. ಮೇಲ್ಮೈಗೆ ಅಂಟಿಕೊಂಡು ಗೋಡೆಯತ್ತ ಸಾಗುವ ನೀರು ಆ ಗೀರನ್ನು ದಾಟಲಾರದೆ ಅಲ್ಲೇ ಹನಿಯಾಗಿ ಬೀಳುತ್ತದೆ.

ಬಿರುಕು ಹುಟ್ಟುವುದಾದರೂ ಹೇಗೆ? ಬಿಸಿಲಿನಿಂದ. ನಾಲ್ಕು ಮೀಟರ್ ಉದ್ದದ ಅಲ್ಯೂಮಿನಿಯಂ ತಗಡು 40 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಸುಮಾರು 3.7 ಮಿಲಿಮೀಟರ್ ಹಿಗ್ಗುತ್ತದೆ. ಅದರ ಕೆಳಗಿನ ಅಷ್ಟೇ ಉದ್ದದ ಮರ ಎಳೆಯ ದಿಕ್ಕಿನಲ್ಲಿ ಒಂದು ಮಿಲಿಮೀಟರ್ ಕೂಡ ಹಿಗ್ಗುವುದಿಲ್ಲ. ಹಗಲು ರಾತ್ರಿ ಈ ಎಳೆದಾಟ ನಡೆಯುತ್ತಲೇ ಇರುತ್ತದೆ. ಪಟ್ಟಿಯ ಕೆಳಗಿನ ಮೇಣ ಮೆತ್ತಗಿರುವ ತನಕ ಅದು ಎರಡರ ನಡುವೆ ರಾಜಿ ಮಾಡಿಸುತ್ತದೆ. ವರ್ಷಗಳು ಕಳೆದಂತೆ ಅದರ ಎಣ್ಣೆ ಆರಿ ಒಣರೊಟ್ಟಿಯಂತಾಗುತ್ತದೆ, ಸೀಳುತ್ತದೆ. ಈಗ ಡಾಂಬರಿನ ಮಾತಿಗೆ ಬನ್ನಿ. ಕಪ್ಪು ಬಣ್ಣ ಬಿಸಿಲನ್ನು ಹೀರುತ್ತದೆ. ತಗಡು ಇನ್ನೂ ಬಿಸಿಯಾಗಿ ಇನ್ನೂ ಹೆಚ್ಚು ಹಿಗ್ಗುತ್ತದೆ. ಚಳಿಗೆ ಡಾಂಬರು ಗಡುಸಾಗಿ ಬಿರಿಯುತ್ತದೆ. ಬಿರಿದಲ್ಲಿ ನೀರು ಒಳಗೆ ಹೋಗುತ್ತದೆ, ಆದರೆ ಹೊರಗೆ ಆರಿಹೋಗಲು ದಾರಿ ಇರುವುದಿಲ್ಲ. ರೋಗ ವಾಸಿಯಾಗದೆ ಮುಚ್ಚಿಹೋಯಿತು, ಅಷ್ಟೆ.

ಇನ್ನು ಸ್ಕ್ರೂಗಳು. ಅಲ್ಯೂಮಿನಿಯಂ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿಕೊಂಡಿದ್ದು ನಡುವೆ ತುಸು ಉಪ್ಪು ಬೆರೆತ ನೀರು ಸೇರಿದರೆ ಅದು ಒಂದು ವಿದ್ಯುತ್ ಕೋಶವೇ. ಹೈಸ್ಕೂಲಿನಲ್ಲಿ ನಿಂಬೆಹಣ್ಣಿಗೆ ತಾಮ್ರ, ಸತುವಿನ ತುಂಡು ಚುಚ್ಚಿ ಮಾಡುವ ಪ್ರಯೋಗವನ್ನು ನೆನೆಸಿಕೊಳ್ಳಿ. ಇಲ್ಲಿ ಸವೆಯುವುದು ಅಲ್ಯೂಮಿನಿಯಂ. ಸ್ಕ್ರೂವಿನ ಸುತ್ತ ಬಿಳಿ ಪುಡಿ ಕಂಡರೆ ಇದೇ ನಡೆದಿದೆ ಎಂದು ತಿಳಿಯಬೇಕು. ಸ್ಕ್ರೂವಿನ ಮೇಲಿನ ಲೇಪ ಸವೆದ ಮೇಲೆ ಅದಕ್ಕೂ ತುಕ್ಕು. ತುಕ್ಕು ಹಿಡಿದ ಸ್ಕ್ರೂ ಗುಂಟ ನೀರು ಸೀದಾ ಮರದ ಹೊಟ್ಟೆಗೆ ಇಳಿಯುತ್ತದೆ.

ಸೋರಿಕೆಯೋ, ಬೆವರೋ?

ಬಿಚ್ಚುವ ಮೊದಲು ಇನ್ನೊಂದು ಪರೀಕ್ಷೆ ಆಗಬೇಕು. ಸೂರಿನ ಒಳಮೈಯಲ್ಲಿ ಕಂಡ ನೀರೆಲ್ಲ ಮಳೆಯದಲ್ಲ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಇದು ನಂಬಲು ಕಷ್ಟ. ಆದರೆ ಅನಿಲದಲ್ಲಿರುವ ಹೈಡ್ರೋಜನ್ ಗಾಳಿಯ ಆಕ್ಸಿಜನ್ನಿನೊಡನೆ ಸೇರಿ ನೀರಾಗುವುದರಿಂದ ಲೆಕ್ಕ ಹಾಗೆ ಬರುತ್ತದೆ. ಮಲಗಿದವರ ಉಸಿರಿನಿಂದಲೂ ತೇವ ಸೇರುತ್ತದೆ. ಇಂಗ್ಲೆಂಡಿನ ಚಳಿರಾತ್ರಿಯಲ್ಲಿ ಈ ಆವಿ ತಣ್ಣನೆಯ ತಗಡಿಗೆ ತಾಗಿ ಹನಿಗಟ್ಟುತ್ತದೆ. ಇದು ಸಾಂದ್ರೀಕರಣ, ಸೂರಿನ ಬೆವರು ಎನ್ನಿ. ಮಳೆ ಇಲ್ಲದ ರಾತ್ರಿಯೂ ಹನಿ ಕಂಡರೆ ಬೆವರು. ಯಾರೂ ಮಲಗದ ಗಾಡಿಯಲ್ಲಿ ಮಳೆಯ ಮರುದಿನ ಒದ್ದೆ ಕಂಡರೆ ಸೋರಿಕೆ.

ಸೋರಿಕೆಯೇ ಆದರೆ ಜಾಗ ಹುಡುಕಲು ಒಂದು ಕ್ರಮವಿದೆ. ರಬ್ಬರ್ ಪೈಪಿನಿಂದ ನೀರು ಬಿಡುವಾಗ ಕೆಳಗಿನ ಕಿಟಕಿಯಿಂದ ಆರಂಭಿಸಿ, ಒಂದೊಂದೇ ಸಂದನ್ನು ನೋಡುತ್ತ ಮೇಲಕ್ಕೆ ಹೋಗಬೇಕು. ಮೊದಲೇ ಸೂರಿನ ಮೇಲೆ ನೀರು ಸುರಿದರೆ ಅದು ಎಲ್ಲ ಸಂದುಗಳ ಮೇಲೂ ಹರಿಯುವುದರಿಂದ ಯಾವುದು ಕಳ್ಳ ಎಂದು ತಿಳಿಯದು. ಒಳಗೊಬ್ಬರು ಬ್ಯಾಟರಿ ಹಿಡಿದು ಕೂತಿರಬೇಕು. ಕಾರು ತೊಳೆಯುವ ಜೋರು ಒತ್ತಡದ ನೀರು ಮಾತ್ರ ಬೇಡ. ಅದು ಗಟ್ಟಿ ಸಂದನ್ನೂ ಸೀಳುತ್ತದೆ. ಇನ್ನೊಂದು ಜಾಣ ಉಪಾಯವೂ ಇದೆ: ಗಾಡಿಯ ಒಳಕ್ಕೆ ಫ್ಯಾನಿನಿಂದ ಗಾಳಿ ತುಂಬಿ ಒತ್ತಡ ತುಸು ಹೆಚ್ಚಿಸಿ, ಹೊರಗಿನಿಂದ ಸಂದುಗಳಿಗೆ ಸೋಪಿನ ನೀರು ಹಚ್ಚುವುದು. ಗುಳ್ಳೆ ಎದ್ದಲ್ಲಿ ದಾರಿ ಇದೆ. ನಮ್ಮೂರ ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಮಾಡುವುದೂ ಇದನ್ನೇ.

ಮರ ಎಷ್ಟು ಕೆಟ್ಟಿದೆ ಎಂದು ತಿಳಿಯಲು ಎರಡು ಸೂಜಿಗಳ ತೇವಮಾಪಕ ಸಿಗುತ್ತದೆ. ಒಣಮರ ವಿದ್ಯುತ್ತನ್ನು ಬಲವಾಗಿ ತಡೆಯುತ್ತದೆ, ಒದ್ದೆ ಮರ ಬಿಟ್ಟುಕೊಡುತ್ತದೆ. ಆ ತಡೆಯನ್ನು ಅಳೆದು ತೇವಾಂಶ ಹೇಳುವ ಸಾಧನ ಅದು. ಅದಿಲ್ಲದಿದ್ದರೆ ಬಡಗಿಯ ಹಳೆಯ ಉಪಾಯ ಇದ್ದೇ ಇದೆ: ದಬ್ಬಳದಿಂದ ಚುಚ್ಚಿ ನೋಡುವುದು.

ಬಿಚ್ಚಿ ಕಟ್ಟುವ ಕ್ರಮ

ಮೊದಲ ಕೆಲಸ ಒಣಗಿಸುವುದು. ಸೂರಿನ ಮೇಲೆ ಸ್ವಲ್ಪ ಎತ್ತರದಲ್ಲಿ, ಗಾಳಿಯಾಡುವಂತೆ ಟಾರ್ಪಾಲು ಕಟ್ಟಿ, ವಾರಗಟ್ಟಲೆ ಬಿಡಬೇಕು. ಒದ್ದೆ ಮರದ ಮೇಲೆ ಮಾಡಿದ ದುರಸ್ತಿ ದುರಸ್ತಿಯಲ್ಲ. ಆಮೇಲೆ ಅಂಚುಪಟ್ಟಿಯ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು, ಪಟ್ಟಿಯನ್ನು ಬಾಗದಂತೆ ಎತ್ತಿ, ಹಳೆಯ ಮೇಣವನ್ನು ಮರದ ಅಥವಾ ಪ್ಲಾಸ್ಟಿಕ್ಕಿನ ಚೂಪು ತುಂಡಿನಿಂದ ಕೆರೆಯಬೇಕು. ಉಕ್ಕಿನ ಉಳಿ ಹಿಡಿದರೆ ಮೆತ್ತಗಿನ ಅಲ್ಯೂಮಿನಿಯಂ ಗೀರುತ್ತದೆ.

ಕೊಳೆತ ಮರವನ್ನು ಗಟ್ಟಿ ಮರ ಸಿಗುವ ತನಕ ಕತ್ತರಿಸಿ ತೆಗೆಯಬೇಕು. ಹೊಸ ತುಂಡನ್ನು ನೇರವಾಗಿ ಕೊನೆಗೆ ಕೊನೆ ತಾಗಿಸಿದರೆ ಅಂಟು ನಿಲ್ಲುವುದಿಲ್ಲ. ಎರಡನ್ನೂ ಓರೆಯಾಗಿ ಸೀಳಿ ಒಂದರ ಮೇಲೊಂದು ಕೂರಿಸಬೇಕು. ಮರದ ದಪ್ಪ ಒಂದಾದರೆ ಓರೆಯ ಉದ್ದ ಎಂಟು, ಇದು ದೋಣಿ ಕಟ್ಟುವವರು ಪಾಲಿಸುವ ಅಳತೆ. ಅಂಟಿಗೆ ಹಿಡಿಯಲು ಜಾಗ ಹೆಚ್ಚಾದಷ್ಟೂ ಬೆಸುಗೆ ಗಟ್ಟಿ. ಹಳೆಯ ಸ್ಕ್ರೂ ತೂತುಗಳಿಗೆ ಗಟ್ಟಿಮರದ ಕಡ್ಡಿ ಅಂಟಿನೊಡನೆ ಬಡಿದು ತುಂಬಬೇಕು.

ತಗಡಿನ ಸಂದಿಗೆ ಈಗ ಹೆಚ್ಚಾಗಿ ಬಳಸುವುದು ಬ್ಯೂಟೈಲ್ ರಬ್ಬರಿನ ಮೆತು ಪಟ್ಟಿ. ಗಾಳಿಯನ್ನು ಹಿಡಿದಿಡುವ ಗುಣದಿಂದಾಗಿ ಟೈರಿನ ಟ್ಯೂಬಿಗೂ ಬಳಸುವ ರಬ್ಬರು ಇದೇ ಜಾತಿಯದು. ಈ ಪಟ್ಟಿ ಬಹುಕಾಲ ಗಟ್ಟಿಯಾಗದೆ ಮೆತ್ತಗೇ ಉಳಿಯುತ್ತದೆ. ತಗಡು ಹಿಗ್ಗಿದರೆ ತಾನೂ ಜಗ್ಗುತ್ತದೆ. ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವಿರಲಿ. ಒಂದೊಂದರ ಕುತ್ತಿಗೆಗೂ ಅದೇ ಮೇಣ ಸುತ್ತಿರಲಿ. ನೀರು ತಾಗದಿದ್ದರೆ ವಿದ್ಯುತ್ ಕೋಶ ಹುಟ್ಟುವುದೇ ಇಲ್ಲ. ಪಟ್ಟಿ ಬಿಗಿದಾಗ ಹೊರಬಂದ ಹೆಚ್ಚುವರಿ ಮೇಣವನ್ನು ಕೆಲವು ದಿನ ಬಿಟ್ಟು ಕತ್ತರಿಸಿದರಾಯಿತು.

ಎಲ್ಲದಕ್ಕೂ ಸಿಲಿಕೋನ್ ಎನ್ನುವವರಿದ್ದಾರೆ. ಬಚ್ಚಲುಮನೆಗೆ ಅದು ಸರಿ. ಇಲ್ಲಿ ಮಾತ್ರ ಯೋಚಿಸಬೇಕು. ಒಮ್ಮೆ ಸಿಲಿಕೋನ್ ಹತ್ತಿದ ಜಾಗಕ್ಕೆ ಮುಂದೆ ಬಣ್ಣವೂ ಅಂಟದು, ಬೇರೆ ಮೇಣವೂ ಅಂಟದು. ಹುಳಿ ವಾಸನೆ ಬೀರುವ ಬಗೆಯಂತೂ ಆರುವಾಗ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಆಮ್ಲವನ್ನೇ ಬಿಡುತ್ತದೆ; ಅದು ಲೋಹಕ್ಕೆ ಒಳ್ಳೆಯದಲ್ಲ. ಮರದ ಸೂರಿಗೆ ಫೈಬರ್ ಗ್ಲಾಸ್ ಹೊದಿಸುವುದರಲ್ಲೂ ತೊಡಕಿದೆ. ಮರ ತೇವಕ್ಕೆ ಅಗಲವಾಗಿ ಉಬ್ಬುತ್ತದೆ, ಗಡುಸಾದ ಹೊದಿಕೆ ಉಬ್ಬದು. ಎಲ್ಲೋ ಒಂದು ಕಡೆ ಬಿಟ್ಟುಕೊಂಡರೆ ಒಳಗಿನ ಕೊಳೆತ ವರ್ಷಗಟ್ಟಲೆ ಕಾಣದೇ ಉಳಿಯುತ್ತದೆ. ಹಳೆಯ ಕ್ಯಾನ್ವಾಸ್ ಸೂರಿಗೆ ಹೊಸ ಕ್ಯಾನ್ವಾಸನ್ನೇ ಹೊದಿಸುವವರು ಮೊಂಡುತನದಿಂದ ಹಾಗೆ ಮಾಡುತ್ತಿಲ್ಲ, ಮರದ ಗುಣ ಅರಿತು ಮಾಡುತ್ತಾರೆ. ಕೊನೆಯ ಬಣ್ಣ ಬಿಳಿಯದೋ ಕೆನೆಬಣ್ಣವೋ ಆಗಲಿ. ಬಿಸಿಲು ಹಿಂದಕ್ಕೆ ಚಿಮ್ಮಿದಷ್ಟೂ ತಗಡಿನ ಎಳೆದಾಟ ಕಡಿಮೆ.

ಮರೆಯಬಾರದ ಮೂರು ಅಪಾಯ

ಒಂದು, ಸೀಸ. ಹಳೆಯ ಬಣ್ಣದಲ್ಲಿ ಸೀಸ ಇದ್ದೇ ಇದೆ ಎಂದುಕೊಂಡು ಕೆಲಸ ಮಾಡುವುದು ಕ್ಷೇಮ. ಅದನ್ನು ಒಣದಾಗಿ ಉಜ್ಜಿದರೆ ಧೂಳು, ಬೆಂಕಿ ಹಿಡಿದರೆ ಹೊಗೆ. ಎರಡೂ ಮೈಗೆ ವಿಷ. ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೆ ಅಲ್ಪ ಪ್ರಮಾಣದ ಸೀಸವೂ ಕೇಡು. ಒದ್ದೆ ಮಾಡಿ ಉಜ್ಜಬೇಕು, ತಕ್ಕ ಮುಖವಾಡ ಧರಿಸಬೇಕು, ಮಕ್ಕಳನ್ನು ದೂರವಿಡಬೇಕು. ಬ್ರಿಟನ್ನಿನಲ್ಲಿ ಸೀಸದ ಬಣ್ಣದ ಮಾರಾಟಕ್ಕೆ 1992ರಲ್ಲಿ ಕಡಿವಾಣ ಬಿತ್ತು. ನಮ್ಮಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಗೆ ಬಂದಿದೆ. ಆದ್ದರಿಂದ ಹಳೆಯ ಬಾಗಿಲು, ಕಿಟಕಿ ಉಜ್ಜಿಸುವ ನಮ್ಮವರಿಗೂ ಈ ಮಾತು ಅನ್ವಯಿಸುತ್ತದೆ.

ಎರಡು, ಎಣ್ಣೆಬಟ್ಟೆ. ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಅದು ಗಾಳಿಯ ಆಕ್ಸಿಜನ್ನನ್ನು ಹೀರಿ ಗಟ್ಟಿಯಾಗುತ್ತದೆ, ಆಗ ಬಿಸಿ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಹೋಗದೆ ಒಳಗೇ ಏರಿ, ಕಡ್ಡಿ ಗೀರದೆಯೇ ಬೆಂಕಿ ಹತ್ತಿಕೊಳ್ಳಬಹುದು. ಬಟ್ಟೆಯನ್ನು ಹೊರಗೆ ಬಿಡಿಸಿ ಹರವಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ನೆನೆಹಾಕಬೇಕು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಸೋರಿಕೆಯಿಂದ ಬೇಸತ್ತವರು ಸೂರಿನ ಗಾಳಿಗಂಡಿಯನ್ನೂ ನೆಲದ ಗಂಡಿಯನ್ನೂ ಸೇರಿಸಿ ಮುಚ್ಚಿಬಿಡುವುದುಂಟು. ಅವು ತೂತುಗಳಲ್ಲ, ಗಾಡಿಯ ಮೂಗು. ಗಾಳಿ ಸಾಲದೆ ಅನಿಲ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಅಡುಗೆ ಅನಿಲ ಸೋರಿದರೆ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ತುಂಬುತ್ತದೆ. ಹೊರಹೋಗಲು ಕೆಳಗಿನ ಗಂಡಿಯೇ ದಾರಿ. ನನ್ನ ವಿದ್ಯಾರ್ಥಿಗೆ ಎಲ್ಲಕ್ಕಿಂತ ಒತ್ತಿ ಹೇಳಿದ ಮಾತು ಇದು: ನೀರಿನ ದಾರಿ ಮುಚ್ಚು, ಉಸಿರಿನ ದಾರಿ ಮುಚ್ಚಬೇಡ. ಜೊತೆಗೆ ಆ ಅನಿಲವನ್ನು ಗುರುತಿಸಿ ಕೂಗುವ ಪುಟ್ಟ ಯಂತ್ರವೊಂದನ್ನು ಇಡು.

ಇಷ್ಟೆಲ್ಲ ಶ್ರಮ ಒಂದು ಹಳೆಯ ಗಾಡಿಗೆ ಬೇಕೆ ಎಂದು ಕೇಳುವವರಿರಬಹುದು. ಲೆಕ್ಕ ಹಾಕಿದರೆ ಮೇಣ, ಸ್ಕ್ರೂ, ಒಂದಿಷ್ಟು ಮರ, ಇವುಗಳ ಬೆಲೆ ಹೆಚ್ಚಲ್ಲ; ಬೇಕಾದದ್ದು ತಾಳ್ಮೆ. ಬಿಚ್ಚಿ ನೋಡಿದ ಸೂರು ಮತ್ತೆ ಬಹುಕಾಲ ಬಾಳುತ್ತದೆ. ಮೇಲಿಂದ ಮೇಲೆ ಬಳಿದ ಸೂರು ಕೊನೆಗೊಂದು ದಿನ ಗುಜರಿಗೆ ಹೋಗುತ್ತದೆ. ದುರಸ್ತಿಯಾದ ಮೇಲೂ ವರ್ಷಕ್ಕೊಮ್ಮೆ, ಮಳೆಗಾಲ ಹಿಡಿಯುವ ಮುನ್ನ, ಸಂದುಗಳನ್ನು ಬೆರಳಿನಿಂದ ಒತ್ತಿ ನೋಡಬೇಕು. ಯಾವ ಮೇಣವೂ ಚಿರಂಜೀವಿಯಲ್ಲ.

ನಮ್ಮಲ್ಲಿ ಗಾಡಿಮನೆಗಳು ಅಪರೂಪವಾದರೂ ಸೋರುವ ಸೂರುಗಳಿಗೆ ಬರವಿಲ್ಲ. ಮನೆಯ ತಾರಸಿ ಇರಲಿ, ಶಾಲೆಯ ಮಾಡು ಇರಲಿ, ಪ್ರತಿ ವರ್ಷ ಮೇ ತಿಂಗಳಲ್ಲಿ ಒಂದು ಡಬ್ಬಿ ಬಣ್ಣ ತಂದು ಬಳಿಯುವ ಬದಲು ಒಂದು ಸಲ ನೀರು ಎಲ್ಲಿ ಹೊಗುತ್ತದೆ, ಯಾವ ದಾರಿಯಲ್ಲಿ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಬರೆದಿಟ್ಟು ನೋಡಿ. ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿ. ಗಾಜಿನ ಚೂರುಗಳ ಪ್ರಯೋಗವನ್ನು ಮಾಡಿ ತೋರಿಸಿದರೆ ಕೇಶಾಕರ್ಷಣದ ಪಾಠವೂ ಆಯಿತು, ಮನೆಯ ಕೆಲಸವೂ ಆಯಿತು.